ಹೊಸಿಲು, ಬಚ್ಚಲು, ಗಾಲಿಕುರ್ಚಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಯನ್ನು ಗಾಲಿಕುರ್ಚಿಗೆ ಹೊಂದಿಸುವ ಕುರಿತು ಈ ತಿಂಗಳು ಮೂರು ಪತ್ರಗಳು ಬಂದಿವೆ. ಮೊದಲನೆಯ ಪತ್ರದಲ್ಲಿ ಕೇಳಿರುವ ಸಂಗತಿಗಳು ಮಲೆನಾಡು ಮತ್ತು ಕರಾವಳಿಯ ಹಲವು ಮನೆಗಳಿಗೆ ಅನ್ವಯಿಸುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಯಜಮಾನರಿಗೆ 38 ವರ್ಷ. ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವರು ಜಾರಿ ಬಿದ್ದರು. ಶಸ್ತ್ರಚಿಕಿತ್ಸೆ ಆಗಿದೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ಕೈಗಳಲ್ಲಿ ಮಾತ್ರ ಪೂರ್ಣ ಬಲವಿದೆ. ಮುಂದಿನ ತಿಂಗಳು ಪುನರ್ವಸತಿ ಕೇಂದ್ರದಿಂದ ಮನೆಗೆ ಬರುತ್ತಾರೆ. ನಮ್ಮದು ಹಳೆಯ ಹೆಂಚಿನ ಮನೆ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಒಟ್ಟು 20 ಇಂಚು ಎತ್ತರ. ಹೆಬ್ಬಾಗಿಲ ಹೊಸಿಲು 3 ಇಂಚು. ಬಚ್ಚಲುಮನೆ ಹಿತ್ತಿಲ ಕಡೆಗಿದೆ, ಅದಕ್ಕೆ ತಾಗಿ ಪಾಯಖಾನೆ. ಮೇಸ್ತ್ರಿಯವರು ಮೆಟ್ಟಿಲ ಮೇಲೆಯೇ ಐದು ಅಡಿಯ ಇಳಿಜಾರು ಮಾಡಿಕೊಡುತ್ತೇನೆ ಎನ್ನುತ್ತಾರೆ. ಹೊಸಿಲು ತೆಗೆಯುವುದಕ್ಕೆ ಅತ್ತೆಯವರ ಒಪ್ಪಿಗೆಯಿಲ್ಲ. ನಮ್ಮ ಕೈಯಲ್ಲಿರುವ ಹಣ ಒಂದೂವರೆ ಲಕ್ಷ. ಯಾವ ಕೆಲಸದಿಂದ ಶುರುಮಾಡಬೇಕು?
– ಗೃಹಿಣಿ, ಸಿರ್ಸಿ ತಾಲ್ಲೂಕು

ಉತ್ತರ: ಬಚ್ಚಲಿನಿಂದ ಶುರುಮಾಡಿ. ಮನೆಗೆ ಬರುವ ದಿನ ನಾಲ್ಕು ಜನ ಸೇರಿ ಅವರನ್ನು ಕುರ್ಚಿಯ ಸಮೇತ ಜಗಲಿಗೆ ಹತ್ತಿಸಬಹುದು. ಆದರೆ ಮರುದಿನ ಬೆಳಗ್ಗೆ ಅವರು ಶೌಚಕ್ಕೆ ಹೋಗಲೇಬೇಕು, ಸ್ನಾನ ಮಾಡಲೇಬೇಕು. ಆ ಎರಡು ಕೆಲಸಗಳನ್ನು ಬಾಗಿಲು ಹಾಕಿಕೊಂಡು ತಾವೇ ಮಾಡಿಕೊಳ್ಳುವಂತಾದರೆ ಅವರ ದಿನದ ಅರ್ಧ ಭಾರ ಇಳಿದಂತೆ, ನಿಮ್ಮದೂ ಇಳಿದಂತೆ. ನಾನು ನೋಡಿದ ಹಲವು ಮನೆಗಳಲ್ಲಿ ಇದ್ದ ಹಣವೆಲ್ಲ ಎದುರಿನ ಇಳಿಜಾರಿಗೆ ಖರ್ಚಾಗಿ, ಒಳಗೆ ಮಾತ್ರ ಗಂಡನನ್ನು ಹೆಂಡತಿ ತಿಂಗಳುಗಟ್ಟಲೆ ಮಂಚದ ಮೇಲೆಯೇ ಒರೆಸಿ, ತೊಳೆದು, ತಾನೂ ಸೊಂಟನೋವಿಗೆ ಬಿದ್ದಿದ್ದಾಳೆ. ನಿಮ್ಮ ಯಜಮಾನರ ಕೈಗಳಲ್ಲಿ ಬಲವಿದೆ ಎಂದು ಬರೆದಿದ್ದೀರಿ. ಮನೆಯಲ್ಲಿ ಮಾಡುವ ಪ್ರತಿಯೊಂದು ಬದಲಾವಣೆಯೂ ಆ ಕೈಗಳಿಗಾಗಿ ಆಗಬೇಕೇ ಹೊರತು ಅವರನ್ನು ಎತ್ತುವವರ ಅನುಕೂಲಕ್ಕಾಗಿ ಅಲ್ಲ ಎಂಬುದನ್ನು ಮೇಸ್ತ್ರಿಯವರಿಗೂ ಆಚಾರಿಯವರಿಗೂ ಮೊದಲೇ ತಿಳಿಸಿಬಿಡಿ.

ಗೋಡೆ ಮುಟ್ಟುವ ಮೊದಲು ಕುರ್ಚಿಯನ್ನು ಅಳೆಯಿರಿ. ಪುನರ್ವಸತಿ ಕೇಂದ್ರದವರು ಅವರ ಮೈಯಳತೆಗೆ ಯಾವ ಗಾಲಿಕುರ್ಚಿಯನ್ನು ಗೊತ್ತುಮಾಡಿದ್ದಾರೋ ಅದರ ಒಟ್ಟು ಅಗಲ, ಉದ್ದ ಮತ್ತು ದಿಂಬು ಹಾಕಿದ ಮೇಲೆ ಕೂರುವ ಎತ್ತರ, ಈ ಮೂರು ಅಂಕಿಗಳನ್ನು ಬರೆದುಕೊಳ್ಳಿ. ಸಾಮಾನ್ಯವಾದ ಮಡಚುವ ಕುರ್ಚಿ 65ರಿಂದ 70 ಸೆಂಟಿಮೀಟರ್ ಅಗಲವಿರುತ್ತದೆ. ಚಕ್ರ ತಳ್ಳುವ ಕೈಗಳ ಗೆಣ್ಣುಗಳಿಗೂ ಜಾಗ ಬೇಕಾಗುವುದರಿಂದ ಬಾಗಿಲ ತೆರಪು ಕನಿಷ್ಠ 80 ಸೆಂಟಿಮೀಟರ್, ಸಾಧ್ಯವಾದರೆ 90 ಇರಬೇಕು. ಹಳೆಯ ಮನೆಗಳಲ್ಲಿ ಹೆಬ್ಬಾಗಿಲು ಅಗಲವಾಗಿದ್ದು ಒಳಬಾಗಿಲುಗಳು ಕಿರಿದಾಗಿರುತ್ತವೆ. ಎಲ್ಲವನ್ನೂ ಒಡೆಯಲು ಹೋಗಬೇಡಿ. ಜಗಲಿಗೆ ಹತ್ತಿರದ ಒಂದು ಕೋಣೆಯನ್ನು ಅವರಿಗೆ ಆರಿಸಿಕೊಂಡು, ಆ ಕೋಣೆಯಿಂದ ಬಚ್ಚಲಿಗೆ, ಊಟದ ಜಾಗಕ್ಕೆ ಮತ್ತು ಅಂಗಳಕ್ಕೆ ಹೋಗುವ ದಾರಿಯಲ್ಲಿರುವ ಬಾಗಿಲುಗಳನ್ನು ಮಾತ್ರ ನೋಡಿ. ಒಂದೆರಡು ಇಂಚು ಸಾಲದಿದ್ದರೆ ಬಾಗಿಲ ಹಲಗೆಯನ್ನು ಕಳಚಿ ಪರದೆ ಹಾಕಿದರೂ ಸಾಕಾಗುತ್ತದೆ. ಮಣ್ಣಿನ ಅಥವಾ ಚಿರೆಕಲ್ಲಿನ ಗೋಡೆಯಲ್ಲಿ ದಾರಂದ ಕಿತ್ತು ಅಗಲ ಮಾಡುವುದಾದರೆ ಮೇಲಿನ ಭಾರಕ್ಕೆ ಆಧಾರ ಕೊಟ್ಟ ನಂತರವೇ ಕೈ ಹಾಕಬೇಕು.

ಈಗ ಬಚ್ಚಲಿನ ವಿಚಾರ. ಬಚ್ಚಲು ಮತ್ತು ಪಾಯಖಾನೆಯ ನಡುವಿನ ಗೋಡೆ ಭಾರ ಹೊರುವ ಗೋಡೆಯಲ್ಲದಿದ್ದರೆ ಅದನ್ನು ತೆಗೆಸಿ ಎರಡನ್ನೂ ಒಂದೇ ಮಾಡಿ. ಗಾಲಿಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಹೊಸದಾಗಿ ಕಟ್ಟುವವರಿಗೆ ಸರ್ಕಾರದ ಮಾರ್ಗಸೂಚಿ ಹೇಳುವ ಅಳತೆ ಸುಮಾರು 2 ಮೀಟರ್‌ಗೆ 2.2 ಮೀಟರ್. ಅಷ್ಟು ಸಿಗದಿದ್ದರೆ ಚಕ್ರವಿರುವ ಕಮೋಡು ಕುರ್ಚಿಯೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು; ಕೋಣೆಯಲ್ಲಿ ಮಂಚದಿಂದ ಒಮ್ಮೆ ಅದಕ್ಕೆ ಸರಿದು ಕೂತರೆ ಶೌಚ, ಸ್ನಾನ ಎರಡೂ ಅದರಲ್ಲೇ ಮುಗಿಯುತ್ತವೆ. ನಿಮ್ಮ ಪಾಯಖಾನೆಯ ಕೂರುವ ಗುಂಡಿ ನೆಲದ ಮಟ್ಟದಲ್ಲಿದ್ದರೆ ಅದನ್ನು ಈಗಲೇ ಒಡೆಯಬೇಕಾಗಿಲ್ಲ, ಆ ಕುರ್ಚಿಯನ್ನು ಅದರ ಮೇಲೆಯೇ ನಿಲ್ಲಿಸಬಹುದು. ಪಾಶ್ಚಾತ್ಯ ಕಮೋಡು ಹಾಕಿಸುವುದಾದರೆ ಕುರ್ಚಿ ಕಮೋಡಿನ ಮೇಲೆ ಸಲೀಸಾಗಿ ಸರಿಯುವುದೇ ಎಂದು ಎರಡರ ಎತ್ತರವನ್ನೂ ಅಳೆದ ಮೇಲೆ ಕೊಳ್ಳಿ. ಕುರ್ಚಿ ಬೇಡ, ನೇರವಾಗಿ ಕಮೋಡಿಗೇ ಸರಿಯುತ್ತೇನೆ ಎನ್ನುವವರಾದರೆ ಕಮೋಡಿನ ಒಂದು ಪಕ್ಕದಲ್ಲಿ 90 ಸೆಂಟಿಮೀಟರ್ ಖಾಲಿ ಜಾಗ ಬಿಟ್ಟು, ಆಸನದ ಎತ್ತರವನ್ನು ಗಾಲಿಕುರ್ಚಿಯ ಎತ್ತರಕ್ಕೆ, ಎಂದರೆ ಸುಮಾರು 45ರಿಂದ 48 ಸೆಂಟಿಮೀಟರ್‌ಗೆ, ಹೊಂದಿಸಿ.

ಹಿಡಿಕೆಗಳಿಗೆ ಅಂಗಡಿಯ ದುಬಾರಿ ಸಾಮಾನೇ ಆಗಬೇಕೆಂದಿಲ್ಲ. ಒಂದಿಂಚಿನ ಜಿಐ ಪೈಪಿನ ಹೊರವ್ಯಾಸ ಸುಮಾರು 34 ಮಿಲಿಮೀಟರ್, ಮುಷ್ಟಿಗೆ ಸರಿಯಾಗಿ ಕೂರುವ ಅಳತೆ. ಗೋಡೆಗೂ ಪೈಪಿಗೂ ನಡುವೆ ನಾಲ್ಕರಿಂದ ಐದು ಸೆಂಟಿಮೀಟರ್ ಅಂತರವಿರಲಿ. ಗೋಡೆ ಮಣ್ಣಿನದಾದರೆ ಮೊಳೆಯನ್ನೂ ಬೋಲ್ಟನ್ನೂ ನಂಬಬೇಡಿ. ಪೈಪನ್ನು ನೆಲದ ಕಾಂಕ್ರೀಟಿನಲ್ಲೇ ಊರಿಸಿ. ಇಡೀ ಮೈಭಾರ ಬಿದ್ದಾಗ ಕಿತ್ತು ಬರುವ ಹಿಡಿಕೆ, ಹಿಡಿಕೆಯೇ ಇಲ್ಲದ ಗೋಡೆಗಿಂತ ಅಪಾಯಕಾರಿ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಏಕೆಂದರೆ ಅವರು ಒಳಗೆ ಬಿದ್ದು ಬಾಗಿಲಿಗೆ ಒತ್ತಿಕೊಂಡರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲಾಗುವುದಿಲ್ಲ. ಬಚ್ಚಲಿಗೆ ಇಳಿಯುವ ಮೆಟ್ಟಿಲನ್ನು ತುಂಬಿಸಿ ನೆಲವನ್ನು ಒಂದೇ ಮಟ್ಟಕ್ಕೆ ತಂದು, ನೀರು ಹೊರಗೆ ಬಾರದಂತೆ ಬಾಗಿಲ ಬಳಿ ಜಾಲರಿ ಮುಚ್ಚಿದ ಸಣ್ಣ ಕಾಲುವೆ ಮಾಡಿಸಿ. ಹೊಳೆಯುವ ಟೈಲ್ಸ್ ಖಂಡಿತ ಬೇಡ. ನಿಮ್ಮಲ್ಲಿ ಹಳೆಯ ಒರಟು ಬಚ್ಚಲು ಕಲ್ಲಿದ್ದರೆ ಅದನ್ನೇ ಮಟ್ಟ ಮಾಡಿ ಉಳಿಸಿಕೊಳ್ಳಿ.

ಹಂಡೆಯ ಬಗ್ಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸ್ಪರ್ಶ ತಿಳಿಯದ ಚರ್ಮಕ್ಕೆ ಬಿಸಿಯೂ ತಿಳಿಯುವುದಿಲ್ಲ. ಕುದಿವ ಹಂಡೆಯಿಂದ ನೇರವಾಗಿ ನೀರು ತೋಡಿ ಹೊಯ್ದುಕೊಳ್ಳುವ ಅಭ್ಯಾಸ ಇನ್ನು ಕೂಡದು. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ, ಮೊಣಕೈಯಿಂದ ಮುಟ್ಟಿ ನೋಡಿ, ಉಗುರುಬೆಚ್ಚಗಿದ್ದರೆ ಮಾತ್ರ ಕಾಲ ಮೇಲೆ ಹಾಕಬೇಕು. ಮಳೆಗಾಲದ ಸಂಜೆ ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುತ್ತ ಕೂರುವುದು ನಮ್ಮ ಕಡೆಯ ಸುಖಗಳಲ್ಲಿ ಒಂದು ಎಂಬುದು ನನಗೆ ಗೊತ್ತು. ಆದರೆ ಅವರ ಪಾದ ಬೆಂದರೂ ನೋವು ಎಚ್ಚರಿಸುವುದಿಲ್ಲ, ಆ ಗಾಯ ಮಾಯಲು ತಿಂಗಳುಗಳೇ ಬೇಕಾಗುತ್ತವೆ. ಒಲೆಗೂ ಕುರ್ಚಿಗೂ ನಡುವೆ ಒಂದು ಮೋಟುಗೋಡೆಯನ್ನೇ ಕಟ್ಟಿಸಿಬಿಡಿ.

ಮಂಚದ ಎತ್ತರವೂ ಕುರ್ಚಿಯ ಎತ್ತರವೂ ಒಂದೇ ಇರಬೇಕು. ಮಂಚ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಗುಳಿ ತೋಡಿದ ಮರದ ತುಂಡು ಕೊಡಿಸಿ. ಒಂದರಿಂದ ಇನ್ನೊಂದಕ್ಕೆ ಸರಿಯಲು ಎರಡೂವರೆ ಅಡಿ ಉದ್ದ, ಹತ್ತಿಂಚು ಅಗಲದ ಹಲಗೆಯನ್ನು ಊರಿನ ಆಚಾರಿಯವರೇ ಮಾಡಿಕೊಡುತ್ತಾರೆ. ಅಂಚುಗಳನ್ನು ದುಂಡು ಮಾಡಿ, ಸಿಬಿರು ಏಳದಂತೆ ಚೆನ್ನಾಗಿ ಉಜ್ಜಿ ನುಣುಪು ಮಾಡಿರಬೇಕು. ಒಂದೇ ಕಡೆ ಮೈಭಾರ ಬಿದ್ದು ಆಗುವ ಒತ್ತಡದ ಹುಣ್ಣು ಬಾರದಂತೆ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಗಲು ಕುರ್ಚಿಯಲ್ಲಿ ಕಾಲುಗಂಟೆ, ಅರ್ಧಗಂಟೆಗೊಮ್ಮೆ ಕೈಯೂರಿ ಪೃಷ್ಠವನ್ನು ಎತ್ತುವುದು ಇವನ್ನೆಲ್ಲ ಪುನರ್ವಸತಿ ಕೇಂದ್ರದಲ್ಲಿ ಕಲಿಸಿಯೇ ಕಳುಹಿಸುತ್ತಾರೆ. ಮನೆಯವರು ನೋಡಬೇಕಾದದ್ದು ಹಾಸಿಗೆಯನ್ನು. ಗಾಳಿ ತುಂಬುವ ಹಾಸಿಗೆಗೆ ದಿನವಿಡೀ ಕರೆಂಟು ಬೇಕು. ಮಳೆಗಾಲದಲ್ಲಿ ನಿಮ್ಮ ಕಡೆ ದಿನಗಟ್ಟಲೆ ಕರೆಂಟು ಹೋದರೆ ಅದು ಚಪ್ಪಟೆಯಾಗಿ ಗಟ್ಟಿ ಹಲಗೆಯಂತಾಗುತ್ತದೆ. ಆದ್ದರಿಂದ ಒಳ್ಳೆಯ ದಪ್ಪ ಫೋಮ್ ಹಾಸಿಗೆಯನ್ನೇ ಮುಖ್ಯವಾಗಿ ಇಟ್ಟುಕೊಳ್ಳಿ. ಗಂಟುಗಟ್ಟಿದ ಹತ್ತಿಯ ಹಾಸಿಗೆ ಬೇಡ.

ಇನ್ನು ಎದುರಿನ ಇಳಿಜಾರು. 20 ಇಂಚು ಎತ್ತರಕ್ಕೆ ಐದು ಅಡಿ ಉದ್ದವೆಂದರೆ ಮೂರಕ್ಕೆ ಒಂದರ ಏರು. ಅದರಲ್ಲಿ ನಿಮ್ಮ ಯಜಮಾನರು ತಾವಾಗಿ ಹತ್ತಲಾರರು, ಇಳಿಯುವಾಗ ಮುಗ್ಗರಿಸುತ್ತಾರೆ, ಹಿಂದಿನಿಂದ ತಳ್ಳುವ ನೀವೂ ಜಾರುತ್ತೀರಿ. ಒಪ್ಪಿತವಾದ ಲೆಕ್ಕ ಒಂದಕ್ಕೆ ಹನ್ನೆರಡು: ಪ್ರತಿ ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಎಂದರೆ ನಿಮಗೆ ಕನಿಷ್ಠ 20 ಅಡಿ ಬೇಕು. ನಿಮ್ಮ ಊರಿನ ಮಳೆಗೆ ಒಂದಕ್ಕೆ ಹದಿನೈದು ಇನ್ನೂ ಲೇಸು, ಅದು 25 ಅಡಿಯಾಗುತ್ತದೆ. ಇಷ್ಟುದ್ದ ಕೇಳಿ ಗಾಬರಿಯಾಗಬೇಡಿ. ಅಂಗಳದ ಮಧ್ಯಕ್ಕೆ ಚಾಚದೆ ಜಗಲಿಯ ಪಕ್ಕಕ್ಕೇ ಹೊಂದಿಕೊಂಡು ಸಾಗಿ, ಮೂಲೆಯಲ್ಲಿ ಒಂದೂವರೆ ಮೀಟರ್ ಚೌಕದ ಸಮತಟ್ಟು ಬಿಟ್ಟು ತಿರುಗಿದರೆ ಅಡಿಕೆ ಒಣಗಿಸುವ ಜಾಗ ಹಾಳಾಗುವುದಿಲ್ಲ. ಮೇಲೆ ಜಗಲಿಗೆ ಸೇರುವಲ್ಲಿಯೂ ಅಷ್ಟೇ ಸಮತಟ್ಟು ಜಾಗ ಬೇಕು. ಅಗಲ ನಾಲ್ಕು ಅಡಿ ಇರಲಿ. ಎರಡೂ ಅಂಚಿಗೆ ಚಕ್ರ ಹೊರಬೀಳದಂತೆ ಮೂರಿಂಚಿನ ಸಣ್ಣ ಕಟ್ಟೆ, ಎರಡೂ ಬದಿಗೆ ಹಿಡಿಕಂಬಿ ಇರಲಿ. ಚಿರೆಕಲ್ಲು ತುಂಬಿ ಮೇಲೆ ಕಾಂಕ್ರೀಟು ಹಾಕಿದಾಗ ಅದು ಹಸಿಯಿರುವಾಗಲೇ ಹಿಡಿಸೂಡಿಯಿಂದ ಅಡ್ಡಡ್ಡ ಗೀರು ಎಳೆಸಿ. ನೆತ್ತಿಯ ಮೇಲೆ ತಗಡಿನ ಮಾಡು ಇಲ್ಲದಿದ್ದರೆ ಆಷಾಢದ ಹೊತ್ತಿಗೆ ಪಾಚಿ ಕಟ್ಟಿ ಗೀರುಗಳೆಲ್ಲ ಮುಚ್ಚಿಹೋಗುತ್ತವೆ. ಆ ಮಾಡಿಗೂ ಹಣ ತೆಗೆದಿಡಿ.

ಕಾಂಕ್ರೀಟು ಹಾಕುವುದನ್ನು ಮಾತ್ರ ಅವರು ಬರುವವರೆಗೆ ತಡೆಯಿರಿ. ಮೊದಲು ದಪ್ಪ ಹಲಗೆಗಳನ್ನು ಜೋಡಿಸಿ ಹದಿನೈದು ದಿನ ಓಡಾಡಿ ನೋಡಲಿ. ಎಲ್ಲಿ ತಿರುಗಲು ಕಷ್ಟವಾಗುತ್ತದೆ, ಯಾವ ಕೈಗೆ ಕಂಬಿ ಬೇಕು ಎಂಬುದನ್ನು ಕುರ್ಚಿಯಲ್ಲಿ ಕೂತವರೇ ಸರಿಯಾಗಿ ಹೇಳಬಲ್ಲರು.

ಅತ್ತೆಯವರ ಮಾತನ್ನು ದಯವಿಟ್ಟು ಹಗುರವಾಗಿ ತಳ್ಳಿಹಾಕಬೇಡಿ. ದಿನವೂ ಅರಿಸಿನ ಕುಂಕುಮ ಹಚ್ಚಿ ರಂಗೋಲಿ ಇಡುವ ಹೊಸಿಲನ್ನು, ಮಗನಿಗೆ ಇಂಥ ಆಪತ್ತು ಬಂದ ವರ್ಷವೇ ಕೀಳಿಸಬೇಕೆಂದರೆ ಆ ತಾಯಿಯ ಮನಸ್ಸು ಹೇಗಾದೀತು? ಹೊಸಿಲು ಅಲ್ಲಿಯೇ ಇರಲಿ. 3 ಇಂಚಿಗೆ ಮೂರು ಅಡಿ ಉದ್ದದ ಮರದ ಓರೆಹಲಗೆಯನ್ನು ಹೊರಗೊಂದು, ಒಳಗೊಂದು ಮಾಡಿಸಿದರೆ ಕುರ್ಚಿ ಹೊಸಿಲಿನ ಮೇಲೆ ಹಾದು ಹೋಗುತ್ತದೆ. ಪೂಜೆಯ ಹೊತ್ತಿಗೆ ಎರಡನ್ನೂ ಎತ್ತಿ ಬದಿಗಿಡಬಹುದು. ಹಲಗೆಯ ತುದಿ ಹೊಸಿಲಿಗೆ ತಾಗುವಲ್ಲಿ ಸಂದು ಉಳಿಯಬಾರದು, ಏಕೆಂದರೆ ಮುಂದಿನ ಸಣ್ಣ ಚಕ್ರಗಳು ಸಿಕ್ಕಿಕೊಳ್ಳುವುದು ಅಂಥ ಅರ್ಧ ಇಂಚಿನ ಸಂದಿನಲ್ಲಿಯೇ. ಹಿತ್ತಿಲ ಬಾಗಿಲಿನಿಂದ ಓಡಾಡಿಸಿದರೆ ಇಷ್ಟೆಲ್ಲ ಖರ್ಚಿಲ್ಲವಲ್ಲ ಎಂದು ನೆಂಟರು ಸಲಹೆ ಕೊಟ್ಟಾರು. ನನಗೆ ಅದು ಒಪ್ಪಿಗೆಯಿಲ್ಲ. ಮನೆಯ ಯಜಮಾನ ತನ್ನ ಮನೆಗೆ ಹೆಬ್ಬಾಗಿಲಿನಿಂದಲೇ ಬರಬೇಕು, ಬಂದವರನ್ನು ಜಗಲಿಯಲ್ಲೇ ಕೂತು ಮಾತಾಡಿಸಬೇಕು, ಕೊಯ್ಲಿನ ಕಾಲದಲ್ಲಿ ಅಂಗಳಕ್ಕೆ ಇಳಿದು ಅಡಿಕೆಗೊನೆಗಳ ಲೆಕ್ಕ ನೋಡಬೇಕು.

ಹಣದ ಮಟ್ಟಿಗೆ ಮೂರು ಸಂಗತಿಗಳನ್ನು ವಿಚಾರಿಸಿ. ಬಿದ್ದ ದಿನಕ್ಕೆ ಅವರ ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಚಾಲ್ತಿಯಲ್ಲಿತ್ತೇ ಎಂದು ಪಾಸ್‌ಬುಕ್ ತೆಗೆದು ನೋಡಿ. ಅಪಘಾತದಿಂದ ಎರಡೂ ಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋದರೆ ಅದರಲ್ಲಿ 2 ಲಕ್ಷ ರೂಪಾಯಿ ಪರಿಹಾರವಿದೆ, ಈಗಾಗಲೇ ತಡವಾಗಿರುವುದರಿಂದ ಕೂಡಲೇ ಬ್ಯಾಂಕಿಗೆ ಹೋಗಿ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿಗೆ ಅರ್ಜಿ ಹಾಕಿಸಿ, ಮುಂದಿನ ಸೌಲಭ್ಯಗಳಿಗೆಲ್ಲ ಅದೇ ಆಧಾರ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಈ ಕೆಲಸಕ್ಕೆಂದೇ ಇರುವವರು, ಸಂಕೋಚವಿಲ್ಲದೆ ಕೇಳಿ. ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದ ಸೇವಾಧಾಮದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಪುನರ್ವಸತಿ ತರಬೇತಿ ನಡೆಯುತ್ತದೆ. ಅಂಥ ಕಡೆ ಒಮ್ಮೆ ಹೋಗಿ, ಕುರ್ಚಿಯಲ್ಲಿದ್ದುಕೊಂಡೇ ಬದುಕು ನಡೆಸುತ್ತಿರುವವರೊಡನೆ ನಿಮ್ಮ ಯಜಮಾನರು ಮಾತಾಡಲಿ. ನಾನು ಬರೆದ ಅಳತೆಗಳಿಗಿಂತ ಅವರ ಅನುಭವ ಹೆಚ್ಚು ಉಪಯೋಗಕ್ಕೆ ಬಂದೀತು.

ಪ್ರಶ್ನೆ: ಬೈಕ್ ಅಪಘಾತದ ನಂತರ ನನ್ನ ತಮ್ಮ ಗಾಲಿಕುರ್ಚಿ ಬಳಸುತ್ತಿದ್ದಾನೆ. ನಾವು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ, ಲಿಫ್ಟ್ ಇಲ್ಲ. ಮನೆಯ ಮಾಲೀಕರು ಗೋಡೆಗೆ ಒಂದು ತೂತನ್ನೂ ಕೊರೆಯಬಾರದು ಎನ್ನುತ್ತಾರೆ. ಏನು ಮಾಡಬಹುದು?
– ಓದುಗರು, ವಿಜಯನಗರ

ಉತ್ತರ: ಆ ಮನೆಗೆ ಹಣ ಹಾಕಬೇಡಿ, ಬೇರೆ ಮನೆ ಹುಡುಕಿ. ಪ್ರತಿ ಬಾರಿಯೂ ಇಬ್ಬರು ಎತ್ತಿ ಇಳಿಸಬೇಕಾದ ಮನೆಯಲ್ಲಿ ನಿಮ್ಮ ತಮ್ಮ ಕ್ರಮೇಣ ಹೊರಗೆ ಹೋಗುವುದನ್ನೇ ನಿಲ್ಲಿಸಿಬಿಡುತ್ತಾನೆ. ಮನೆ ನೋಡಲು ಹೋಗುವಾಗ ಟೇಪನ್ನು ಜೊತೆಗೆ ಒಯ್ಯಿರಿ, ಸಾಧ್ಯವಾದರೆ ತಮ್ಮನನ್ನೇ ಕರೆದೊಯ್ಯಿರಿ. ನೆಲಮಹಡಿ ಎಂದು ಜಾಹೀರಾತಿನಲ್ಲಿದ್ದರೂ ಗೇಟಿನ ಬಳಿಯೇ ಎರಡು ಮೆಟ್ಟಿಲು ಇರುತ್ತವೆ. ಲಿಫ್ಟ್ ಇದ್ದರೂ ವಾಹನ ನಿಲ್ಲಿಸುವ ಜಾಗದಿಂದ ಲಿಫ್ಟಿಗೆ ಮೂರು ಮೆಟ್ಟಿಲು ಹತ್ತಬೇಕಾದ ಕಟ್ಟಡಗಳು ನಗರದಲ್ಲಿ ಬೇಕಾದಷ್ಟಿವೆ. ಸಣ್ಣ ಲಿಫ್ಟಿನ ಬಾಗಿಲಲ್ಲಿ ಕುರ್ಚಿ ಹಿಡಿಯುವುದೇ, ಕರೆಂಟು ಹೋದಾಗ ಲಿಫ್ಟ್ ನಡೆಯುವುದೇ ಎಂಬುದನ್ನು ಮುಂಗಡ ಕೊಡುವ ಮುನ್ನವೇ ಪರೀಕ್ಷಿಸಿ.

ಬಾಡಿಗೆ ಮನೆಗೆ ಜೊತೆಯಲ್ಲಿ ಒಯ್ಯಬಹುದಾದ ಸಾಮಾನುಗಳನ್ನೇ ಕೊಳ್ಳುವುದು ಜಾಣತನ: ಮಡಚುವ ಅಲ್ಯೂಮಿನಿಯಂ ಇಳಿಜಾರು, ಚಕ್ರದ ಕಮೋಡು ಕುರ್ಚಿ, ಕಮೋಡಿನ ಸುತ್ತ ನಿಲ್ಲಿಸುವ ಕಾಲುಳ್ಳ ಚೌಕಟ್ಟು. ಗೋಡೆಗೆ ಗಾಳಿಯ ಹಿಡಿತದಿಂದ ಅಂಟಿಕೊಳ್ಳುವ ರಬ್ಬರ್ ಹಿಡಿಕೆಗಳನ್ನು ಮಾತ್ರ ಕೊಳ್ಳಬೇಡಿ. ಅವು ಮೈಭಾರ ತಡೆಯುವಂಥವಲ್ಲ. ಲಿಂಗರಾಜಪುರದಲ್ಲಿರುವ, 1959ರಲ್ಲಿ ಆರಂಭವಾದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಯಲ್ಲಿ ಅನುಭವವುಳ್ಳದ್ದು. ಕುರ್ಚಿಯ ಆಯ್ಕೆಗೆ ಮೊದಲು ಅಲ್ಲಿ ವಿಚಾರಿಸಿ.

ಪ್ರಶ್ನೆ: ನನಗೆ 45 ವರ್ಷ. ಮಾಳಿಗೆಯಿಂದ ಬಿದ್ದು ಮೂರು ವರ್ಷವಾಯಿತು, ಗಾಲಿಕುರ್ಚಿಯಲ್ಲಿದ್ದೇನೆ. ನನ್ನ ಕೈಯಾರೆ ರೊಟ್ಟಿ ಬಡಿಯಬೇಕೆಂಬ ಆಸೆ. ಮಗ, ಸೊಸೆ ಪ್ರೀತಿಯಿಂದಲೇ ‘ನಿನಗ್ಯಾಕವ್ವ ಈ ಕಷ್ಟ’ ಎಂದು ತಡೆಯುತ್ತಾರೆ. ಅಡುಗೆಕಟ್ಟೆ ನನ್ನ ಎದೆಮಟ್ಟಕ್ಕೆ ಬರುತ್ತದೆ. ಇದಕ್ಕೇನಾದರೂ ದಾರಿಯಿದೆಯೇ?
– ಗೃಹಿಣಿ, ಗದಗ ಜಿಲ್ಲೆ

ಉತ್ತರ: ದಾರಿಯಿದೆ ತಾಯಿ, ಮತ್ತು ನಿಮ್ಮ ಆಸೆ ಸರಿಯಾದದ್ದು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರು 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡ ಮೇಲೆ ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಲ್ಲಿಯ ಪುನರ್ವಸತಿ ವಿಭಾಗವನ್ನೂ ನಡೆಸಿದರು. ಕೂತವರ ಕೈಗೆ ಕೆಲಸ ಎಟುಕುವಂತಿದ್ದರೆ ಶಸ್ತ್ರಚಿಕಿತ್ಸೆಯೇ ಆಗುತ್ತದೆ ಎಂದ ಮೇಲೆ ರೊಟ್ಟಿ ಏಕಾಗಬಾರದು?

ಸಾಮಾನ್ಯ ಅಡುಗೆಕಟ್ಟೆ 85 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ನಿಮಗೆ 75ರ ಸುತ್ತಮುತ್ತ ಬೇಕು, ಅದರ ಕೆಳಗೆ ಮೊಣಕಾಲು ತೂರುವಷ್ಟು ಖಾಲಿ ಜಾಗವೂ ಬೇಕು. ಇಡೀ ಕಟ್ಟೆಯನ್ನು ಇಳಿಸಿದರೆ ನಿಂತು ಅಡುಗೆ ಮಾಡುವ ಸೊಸೆಗೆ ಸೊಂಟ ಬಗ್ಗಬೇಕಾಗುತ್ತದೆ. ಆದ್ದರಿಂದ ಕಿಟಕಿಯ ಬದಿಗೆ ನಾಲ್ಕು ಅಡಿ ಉದ್ದದ ಗಟ್ಟಿ ಕಲ್ಲುಹಾಸಿನ ಪ್ರತ್ಯೇಕ ಕಟ್ಟೆಯೊಂದನ್ನು ಕಟ್ಟಿಸಿ, ಅದರ ಕೆಳಗೆ ಕಪಾಟು ಮಾಡಿಸದೆ ಬಿಡಿ. ರೊಟ್ಟಿ ಬಡಿಯಲು ಭುಜದ ಭಾರ ಬೀಳಬೇಕಾದ್ದರಿಂದ ಕೊಣಮಿಗೆ (ರೊಟ್ಟಿ ಬಡಿಯುವ ಮರದ ಹರಿವಾಣ) ಎಷ್ಟು ಎತ್ತರದಲ್ಲಿದ್ದರೆ ನಿಮ್ಮ ಮೊಣಕೈ ಸಡಿಲವಾಗಿ ಆಡುತ್ತದೆ ಎಂಬುದನ್ನು ಒಂದು ಮೇಜಿನ ಮೇಲೆ ಇಟ್ಟು ಬಡಿದು ನೋಡಿಯೇ ಅಳತೆ ಕೊಡಿ. ಬಡಿಯುವಾಗ ಕುರ್ಚಿಯ ಬ್ರೇಕ್ ಹಾಕಿರಬೇಕು.

ಒಲೆ ಅದೇ ಕಟ್ಟೆಯ ಮೇಲೆ ಪಕ್ಕದಲ್ಲಿರಲಿ. ರೊಟ್ಟಿಯನ್ನು ಹಂಚಿಗೆ ಹಾಕಲು ನೀವು ಬೆಂಕಿಯ ಮೇಲೆ ಕೈಚಾಚಬೇಕಾಗಬಾರದು. ತಿರುಗಿಸುವ ಗುಬ್ಬಿಗಳು ಮುಂದಿರುವ ಒಲೆಯನ್ನೇ ಆರಿಸಿ. ಸಿಲಿಂಡರು ನಿಮ್ಮ ಮೊಣಕಾಲಿನ ಜಾಗಕ್ಕೆ ಬಾರದಂತೆ ದೂರದಲ್ಲಿ ನೆಟ್ಟಗೆ ನಿಂತಿರಲಿ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೇ ಒಲೆಯ ಬಳಿ ಹೋಗಿ. ಬಿಸಿ ಪಾತ್ರೆಯನ್ನಾಗಲಿ, ರೊಟ್ಟಿಯ ಬಿಸಿ ಹಂಚನ್ನಾಗಲಿ ಎಂದೂ ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿ ತಳ್ಳಬೇಡಿ. ತೊಡೆ ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಒಲೆಯಿಂದ ಇಳಿಸಿದ್ದನ್ನು ಕಟ್ಟೆಯ ಮೇಲೆಯೇ ಸರಿಸುವಂತೆ ನಡುವೆ ಎಲ್ಲೂ ತಡೆಯಿಲ್ಲದ ಸಮತಟ್ಟು ಇರಬೇಕು. ಹಿಟ್ಟಿನ ಡಬ್ಬಿ, ನೀರಿನ ತಂಬಿಗೆ, ಸ್ವಿಚ್ಚು ಎಲ್ಲವೂ ನೆಲದಿಂದ ಎರಡರಿಂದ ನಾಲ್ಕು ಅಡಿಯೊಳಗೆ ಬರಲಿ.

ಮೊದಲ ಕೆಲವು ದಿನ ಸೊಸೆ ಪಕ್ಕದಲ್ಲಿ ನಿಂತಿರಲಿ, ಆದರೆ ಕೈ ಹಾಕದಿರಲಿ ಎಂದು ನನ್ನ ಪರವಾಗಿ ಅವರಿಗೆ ಹೇಳಿ.